ಇಲ್ಲದ ಡ್ರೈವರನ ಕಾಲುಬಾವು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಕಾದು ಕಾದು ಸುಟ್ಟ ಹಲಸಿನಬೀಜದ ಸಿಪ್ಪೆಯಂತಾಗಿದ್ದವು. ರಿಪ್ಪನ್‌ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಅವರು ಕಾಂಪೌಂಡರು. ರೋಗಿಗಳ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದರು, ಇಕ್ಕಳ ಮುಟ್ಟುತ್ತಿರಲಿಲ್ಲ. ಮಜ್ಜಿಗೆಯಂತೆ ಬೆಳ್ಳಗಾದರೆ ಮೂತ್ರಪಿಂಡ ಕೆಟ್ಟಿದೆ ಎಂದು ಲೆಕ್ಕ. "ಮನುಷ್ಯ ಸುಳ್ಳು ಹೇಳ್ತಾನೆ ಮಾರಾಯ, ಇದು ಹೇಳಲ್ಲ" ಎನ್ನುತ್ತಿದ್ದರು.

ನಾನು ಆಗಷ್ಟೇ ಟೈ ಕಟ್ಟಲು ಕಲಿತಿದ್ದ ಔಷಧ ಕಂಪನಿಯ ರೆಪ್ಪು. ಸಾಗರದಿಂದ ತೀರ್ಥಹಳ್ಳಿವರೆಗೆ ಬ್ಯಾಗು ಹೊತ್ತು ತಿರುಗುವವನು. ಮೊದಲ ದಿನವೇ ಬಗ್ಗಿ ನಮಸ್ಕರಿಸಲು ಹೋಗಿ ಟೈಯನ್ನು ಕೆಮ್ಮಿನ ಮಿಕ್ಸ್ಚರಿನ ಜಾಡಿಗೆ ಅದ್ದಿದ್ದೆ. ಅವರು ಅದನ್ನು ಹಿಂಡಿ, "ಒಂದು ಡೋಸು ವೇಸ್ಟಾಯ್ತಲ್ಲ!" ಎಂದರು. ಅಂದಿನಿಂದ ದೋಸ್ತಿ.

ಹೋದಾಗಲೆಲ್ಲ ಒಂದು ಕೊಳವೆ ಬೆಳ್ಳಗಿರುತ್ತಿತ್ತು.

"ಯಾರದ್ದು?"

"ತೀರ್ಥಹಳ್ಳಿ ಬಸ್ಸಿನ ಡ್ರೈವರ್‌ದು. ಕಾಲು ಊದ್ತದೆ ಪಾಪ. ನಿನ್ನ ನೀರಿಳಿಸೋ ಮಾತ್ರೆ ಸ್ಯಾಂಪಲ್ ಇದ್ರೆ ಕೊಟ್ಟು ಹೋಗು."

"ಡಾಕ್ಟ್ರು ನೋಡಿದಾರಾ?"

"ನೋಡ್ದೆ ಇರ್ತಾರಾ?"

ಎರಡು ವರ್ಷ ಕೊಟ್ಟೆ. ಈ ದಾನಶೂರನಿಗೆ ಆ ಡ್ರೈವರನ ಮುಖ ನೋಡುವ ಆಸೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರನ ಪ್ಯಾಂಟೆತ್ತಿ, ಬಾವಿದೆಯೇ ಎಂದು ಕಾಲಿಗೆ ಹೆಬ್ಬೆರಳು ಒತ್ತಿದೆ. "ಟಿಕೇಟಿಲ್ದೆ ಬಂದ್ಯನಾ? ಕಾಲು ಹಿಡಿದ್ರೂ ಬಿಡಲ್ಲ!" ಎಂದು ಜಾಡಿಸಿದ. ಇಡೀ ಬಸ್ಸು ನಕ್ಕಿತು. ಬಂದು ಹೇಳಿದರೆ ಕಾಂಪೌಂಡರು ಮಾತ್ರ ನಗಲಿಲ್ಲ.

ಒಂದು ಮಧ್ಯಾಹ್ನ ನನ್ನೆದುರೇ ಅವರು ಏದುಸಿರು ಬಿಡುತ್ತ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಸಿದರು. ಡಾಕ್ಟರು ಎದೆಗಿಟ್ಟ ಸ್ಟೆತಾಸ್ಕೋಪನ್ನು ಬಹಳ ಹೊತ್ತು ತೆಗೆಯಲಿಲ್ಲ. ಕಾಂಪೌಂಡರ ಜೇಬಿನಲ್ಲಿ ನನ್ನ ಮಾತ್ರೆಯ ಖಾಲಿ ಪಟ್ಟಿ ಅವರಿಗೆ ಸಿಕ್ಕಿತು.

"ಮೂತ್ರಪಿಂಡ ಸೋತು ವರ್ಷಗಳೇ ಆಗಿರ್ಬೇಕು. ಹಾಗಾದವ್ರಿಗೆ ಹೃದಯದ ಕವಾಟಕ್ಕೂ ಸುಣ್ಣ ಕಟ್ಟಿ ಬಿಗಿಯಾಗ್ತದೆ. ಈ ಮಾತ್ರೆ ಬಾವು ಇಳಿಸ್ತಾ ಇದ್ದಿದ್ದಕ್ಕೆ ದಿನಾ ಜೊತೆಗಿದ್ದ ನಂಗೂ ಗೊತ್ತಾಗ್ಲಿಲ್ಲ. ಯಾರ್ರೀ ಕೊಟ್ಟಿದ್ದು?"

ನಾನು ಬ್ಯಾಗು ತೆರೆದು, ಅದೇ ಮಾತ್ರೆಯ ಉಳಿದ ಪಟ್ಟಿಗಳನ್ನು ಡಾಕ್ಟರ ಮುಂದಿಟ್ಟೆ.

ಕಾಂಪೌಂಡರ ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ, ಒಳಗೆ ಅವರನ್ನು ಮಲಗಿಸಿದ್ದ ಮಂಚದ ಪಕ್ಕ ಕೂತು ಕೇಳಿದೆ: "ಆ ಡ್ರೈವರ್ ಯಾರು?"

"ಯಾರೂ ಇಲ್ಲ ಮಾರಾಯ. ಎಲ್ಲಾ ನಂದೇ. ಗೊತ್ತಾದ್ರೆ ಡಾಕ್ಟ್ರು ಕೆಲಸ ಬಿಡ್ಸಿ ಮನೇಲಿ ಕೂರಿಸ್ತಿದ್ರು."

"ಬೇರೆ ರೆಪ್ಪುಗಳೂ ಬರ್ತಿದ್ರಲ್ಲ, ನಾನೇ ಯಾಕೆ?"

"ಅವ್ರಾದ್ರೆ ಯಾರಿಗೆ, ಯಾಕೆ ಅಂತ ಬಿಡದೆ ಕೇಳ್ತಿದ್ರು. ನೀನು ತಮಾಷೆ ಮಾಡ್ಕೊಂಡು ಕೊಟ್ಟು ಹೋಗ್ತಿದ್ದೆ."

ಮುಂದಿನ ತಿಂಗಳು ನಾನು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ನನ್ನ ಪೆದ್ದುತನ ಕಂಡು ನಕ್ಕವರು ಊರೂರಲ್ಲೂ ಇದ್ದಾರೆ. ಅದನ್ನೇ ನೆಚ್ಚಿಕೊಂಡು ಸತ್ತವರು ಇವರೊಬ್ಬರೇ. ನೆನಪಾದಾಗ ಅಳು ಬರುವುದು ಆಮೇಲೆ. ಮೊದಲು ಬರುವುದು ಸಿಟ್ಟು.