ಎರಡು ಕೋಲುಗಳ ನಡಿಗೆ

ಮಿತ್ರರೇ, ಇಂದು ಬೆಳಿಗ್ಗೆ ಪಟ್ಟಂ ಬಡಾವಣೆಯಲ್ಲಿ ನಮ್ಮ ಮನೆಯ ಸಮೀಪದ ಉದ್ಯಾನದ ಗೇಟಿನಲ್ಲಿ ನನ್ನನ್ನು ತಡೆಯಲಾಯಿತು. ಎರಡೂ ಕೈಗಳಲ್ಲಿ ನಾರ್ಡಿಕ್ ವಾಕಿಂಗಿನ ಕೋಲುಗಳಿದ್ದವು. ಕಾವಲುಗಾರ ನಮ್ಮ ಕಾಸರಗೋಡಿನವನೇ.

“ಕೋಲು ಒಳಗೆ ತರ್ಲಿಕ್ಕಿಲ್ಲ ಸಾರ್. ಕಾಲುನೋವು ಉಂಟಾ?”

“ಇಲ್ಲ.”

“ಉಂಟು ಅಂತ ಹೇಳಿ ಮಾರಾಯ್ರೆ, ಬಿಡ್ತೇನೆ.”

“ಇಲ್ಲದ ನೋವನ್ನು ಉಂಟೆಂದು ಹೇಳಲಾರೆ.”

“ಮತ್ತೆ ಎರಡೆರಡು ಯಾಕೆ? ನಾಯಿ ಓಡಿಸ್ಲಿಕ್ಕಾ?”

ಹೀಗೆ ಕೋಲೂರಿ ನಡೆದರೆ ತೋಳಿಗೂ ಬೆನ್ನಿಗೂ ವ್ಯಾಯಾಮವಾಗುತ್ತದೆಂದು ಕ್ರಮವಾಗಿ ವಿವರಿಸಿದೆ. ಅವನು ಅಲುಗಲಿಲ್ಲ. ಕೊನೆಗೆ, “ಮಗಳು ತಂದುಕೊಟ್ಟದ್ದು. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಇವತ್ತೇ ಮೊದಲ ಸಲ ಹಿಡಿದಿದ್ದೇನೆ,” ಎಂದೆ.

ಅವನು ಗೇಟು ತೆರೆದ. ನಾನು ಒಳಗೆ ಹೋದ ಮೇಲೆ, “ಹುಲ್ಲಿನ ಮೇಲೆ ಮಾತ್ರ ಊರ್ಬೇಡಿ ಸಾರ್,” ಎಂದ.

ಮೂರು ಸುತ್ತು ನಡೆದೆ. ಅವನಿಗೆ ಹೇಳದೆ ಉಳಿಸಿಕೊಂಡ ಸಂಗತಿಯೊಂದನ್ನು ನಿಮಗೆ ಹೇಳುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು, ಜೊತೆಗೆ ನಾನೂ ಬರುತ್ತೇನೆ ಎಂದು ಮಗಳು ಎಷ್ಟು ಕೇಳಿಕೊಂಡರೂ, ಈ ಕೋಲುಗಳು ಅನಗತ್ಯವೆಂದು ಅವಳೆದುರು ಸಕಾರಣವಾಗಿ ಸಾಧಿಸಿ ತೋರಿಸಿದವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದಲೂ ವಾದದಲ್ಲಿ ನಾನು ಸೋತದ್ದು ಬಹಳ ಅಪರೂಪ.