ಜೇನುಗಿಡುಗ ಬಂದ ಭಾನುವಾರ

ಹೋದ ವಾರದ ಸೋಮವಾರ ಆಫೀಸಿನ ಬೀರು ತೆಗೆದಾಗ ಒಳಗಿನಿಂದ ಕಳಿತ ಬಾಳೆಹಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಶನಿವಾರ ಯಾರೋ ಪೂಜೆಯ ಪ್ರಸಾದವೆಂದು ತಂದಿಟ್ಟ ಏಲಕ್ಕಿ ಬಾಳೆಯ ಚಿಪ್ಪು ಫೈಲುಗಳ ಪಕ್ಕದಲ್ಲಿ ಕಪ್ಪಾಗಿ ಕೂತಿತ್ತು. ಎತ್ತಿ ಕಸದ ಬುಟ್ಟಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಅರಿವು ಬಂದಾಗ ನಾನು ಹೊರಗಿನ ಮೆಟ್ಟಿಲ ಮೇಲಿದ್ದೆ. ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು, ಬಾಯಿ ಮುಚ್ಚಿಕೊಂಡು, ಉಸಿರನ್ನು ಸಣ್ಣಗೆ ಬಿಡುತ್ತಾ ಗೋಡೆಗೆ ಒತ್ತಿಕೊಂಡು ನಿಂತಿದ್ದೆ.

"ಏನ್ರೀ, ಬೀರೂಲಿ ಹಾವಿತ್ತಾ?" ಎಂದು ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಮಧ್ಯಾಹ್ನದವರೆಗೂ ಆ ಬೀರುವಿನ ಹತ್ತಿರ ಹೋಗಲಿಲ್ಲ.

ಆ ವಾಸನೆಯ ಅರ್ಥವನ್ನು ನನಗೆ ಹೇಳಿಕೊಟ್ಟಿದ್ದು ಪಿಯುಸಿಯಲ್ಲಿ ಬಯಾಲಜಿ ಪಾಠ ಮಾಡುತ್ತಿದ್ದ ಮೇಡಂ. ಒಂದು ಜೇನುಹುಳ ಚುಚ್ಚಿದರೆ ಅದರ ಮುಳ್ಳಿನ ಬುಡದಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಉಳಿದ ಹುಳಗಳಿಗೆ ಅದೇ ಕರೆ, ಎಲ್ಲವೂ ಅಲ್ಲಿಗೇ ಬರುತ್ತವೆ ಎಂದು ತರಗತಿಯಲ್ಲಿ ಹೇಳಿದ್ದರು. ನಾವು ಬೆಂಚಿನ ಮೇಲೆ ಕೂತು ಅದನ್ನು ಒಂದು ಮೋಜಿನ ಸಂಗತಿಯೆಂಬಂತೆ ಕೇಳಿಸಿಕೊಂಡಿದ್ದೆವು…

ಮೇಡಂ ಚಿಂತಾಮಣಿಯವರು. ದಿನಾ ಬೆಳಿಗ್ಗೆ ಶಿಡ್ಲಘಟ್ಟದ ಮೇಲೆ ಬರುವ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು, ಸ್ಟಾಫ್ ರೂಮಿನಲ್ಲಿ ಬುರ್ಖಾ ತೆಗೆದು ನೀಟಾಗಿ ಮಡಚಿ ಚೀಲಕ್ಕೆ ಹಾಕಿ, ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ಇರುತ್ತಿದ್ದರು. ಎಂಎಸ್ಸಿಯಲ್ಲಿ ಕೀಟಗಳ ಬಗ್ಗೆ ಓದಿದ್ದರು. ಹಿಂದಿನ ಬೆಂಚಿನ ಹುಡುಗ ತೂಕಡಿಸಿದರೆ, "ಏನಪ್ಪಾ, ಗೂಡು ಕಟ್ಟಿಬಿಟ್ಯಾ? ಏಳು, ಇಲ್ದಿದ್ರೆ ಸಾಯಂಕಾಲ ಹೋಗ್ತಾ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್‌ಗೆ ಹಾಕ್ಬಿಟ್ಟು ಹೋಗ್ತೀನಿ" ಅನ್ನುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ನಮ್ಮಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ರೇಷ್ಮೆಹುಳು ಇತ್ತು.

ಪರೀಕ್ಷೆ ಮುಗಿದು ಫಲಿತಾಂಶ ಬಂದಾಗ ನಾನು ಬಿಎಸ್ಸಿಗೆ ಸೇರಿ ಪ್ರಾಣಿಶಾಸ್ತ್ರ ಓದುತ್ತೇನೆ ಎಂದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಬಿಕಾಂ ಅಂದರು. ಕೂಗಾಡಲಿಲ್ಲ. ಅಪ್ಪ ಕೂಗಾಡುವವರೇ ಅಲ್ಲ. ಊಟ ಮಾಡುತ್ತಾ ತಟ್ಟೆ ನೋಡಿಕೊಂಡೇ ಹೇಳಿದರು.

"ಹುಳ ನೋಡ್ಕೊಂಡು ಕೂತ್ರೆ ಯಾರು ಕೆಲಸ ಕೊಡ್ತಾರಮ್ಮ? ನಿಮ್ಮ ಮೇಡಂನೇ ನೋಡು. ಅಷ್ಟು ಓದಿದಾರೆ. ಗೆಸ್ಟ್ ಲೆಕ್ಚರರು. ಪ್ರತಿ ಜೂನ್ ಬಂದ್ರೆ ಈ ವರ್ಷ ಕರೀತಾರೋ ಇಲ್ವೋ ಅಂತ ಫೋನ್ ಹಿಡ್ಕೊಂಡು ಕೂತಿರ್ಬೇಕು."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನಾನು ಯಾರಂತಾಗಬೇಕು ಎಂದುಕೊಂಡಿದ್ದೆನೋ ಅವರನ್ನೇ ತೋರಿಸಿ ಅಪ್ಪ ಬೇಡ ಅನ್ನುತ್ತಿದ್ದರು.

ಮೇಡಂಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು, "ಭಾನುವಾರ ಬಾ. ಮಂಚೇನಹಳ್ಳಿ ಕಡೆ ಒಂದು ಬೆಟ್ಟ ಇದೆ, ಹೆಜ್ಜೇನು ಕಟ್ಟಿದೆ. ದೂರದಲ್ಲಿ ಕೂತು ಅರ್ಧ ದಿನ ನೋಡಣ. ಬೇಜಾರಾಗ್ದೆ ಕೂತ್ರೆ ಬಿಎಸ್ಸಿ. ಫೋನ್ ತೆಗ್ದು ಆಡೋಕೆ ಶುರು ಮಾಡಿದ್ರೆ ನಿಮ್ಮಪ್ಪ ಹೇಳಿದ್ದೇ ಸರಿ" ಅಂದರು. ಸೋಮವಾರ ಕಾಲೇಜಿಗೆ ಸೇರಬೇಕಿತ್ತು. ಅಪ್ಪನಿಗೂ ಈ ಏರ್ಪಾಡು ಒಪ್ಪಿಗೆಯಾಯಿತು. ನಾನು ಒಂದು ಗಂಟೆಯೂ ಕೂರುವುದಿಲ್ಲ ಎಂದು ಅವರಿಗೆ ನಂಬಿಕೆ. ನರ್ಸಿಂಗ್ ಸೇರಲಿದ್ದ ಗೆಳತಿಯೊಬ್ಬಳು ಜೊತೆಗೆ ಬಂದಳು.

ಬೆಟ್ಟದ ಬುಡದಲ್ಲಿ ಬಸ್ ಇಳಿದ ಕೂಡಲೇ ಮೇಡಂ ಬುರ್ಖಾ ತೆಗೆದು ಚೀಲಕ್ಕೆ ತುರುಕಿದರು. "ಕಪ್ಪು ಕಂಡ್ರೆ ಆಗಲ್ಲ ಕಣ್ರೇ ಇವಕ್ಕೆ. ನನ್ನನ್ನ ಕರಡಿ ಅಂದ್ಕೊಂಡ್ಬಿಡ್ತವೆ" ಎಂದು ತಮ್ಮ ಮೈಯನ್ನೇ ನೋಡಿಕೊಂಡು ನಕ್ಕರು. ಬಂಡೆಗಳ ನಡುವೆ ಹತ್ತಿ ಒಂದು ಹುಣಸೆಮರದ ನೆರಳಲ್ಲಿ ಕೂತೆವು. ಎದುರಿನ ಕಡಿದಾದ ಬಂಡೆಯಿಂದ ಹೆಜ್ಜೇನಿನ ತಟ್ಟಿಗಳು ಜೋತುಬಿದ್ದಿದ್ದವು. ದೂರದಿಂದ ಅವು ಬಂಡೆಗೆ ಮೆತ್ತಿದ ಕರಿ ಕಂಬಳಿಯ ತುಂಡುಗಳಂತಿದ್ದವು. ಆಗಾಗ ಅವುಗಳ ಮೇಲೆ ಒಂದು ಅಲೆ ಮಿನುಗಿ ಹೋಗುತ್ತಿತ್ತು. ಸಾವಿರಾರು ಹುಳಗಳು ಒಂದರ ಹಿಂದೆ ಒಂದು ಹೊಟ್ಟೆ ಎತ್ತಿ ಇಳಿಸುವುದರಿಂದ ಹಾಗೆ ಕಾಣುತ್ತದೆ, ಹತ್ತಿರ ಬರುವವರನ್ನು ಹೆದರಿಸಲು ಹಾಗೆ ಮಾಡುತ್ತವೆ ಎಂದರು ಮೇಡಂ.

ನಾನು ಕೂತೆ. ಗೆಳತಿ ಚಿತ್ರಾನ್ನ ತಿಂದು, ಫೋನ್ ನೋಡಿ, ನಿದ್ದೆಯನ್ನೂ ಮಾಡಿ ಎದ್ದಳು. ನಾನು ಕೂತೇ ಇದ್ದೆ. ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಮೇಡಂ ಒಮ್ಮೆ ನನ್ನ ಕಡೆ ತಿರುಗಿ, "ನಿಮ್ಮಪ್ಪಂಗೆ ನಾನೇ ಹೇಳ್ತೀನಿ ಬಿಡು" ಅಂದರು. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಆಗಲೇ ಆ ಹಕ್ಕಿ ಬಂದಿತು. ಹದ್ದಿನಷ್ಟು ದೊಡ್ಡದು. ಬಂಡೆಯ ಮೇಲಿನಿಂದ ಜಾರಿಬಂದು ಒಂದು ತಟ್ಟಿಗೆ ಕಾಲು ಚಾಚಿ ಹೊಡೆಯಿತು. ತಟ್ಟಿಯ ತುಂಡೊಂದು ಕಿತ್ತುಬಂತು.

"ಜೇನುಗಿಡುಗ! ನೋಡ್ರೇ, ನೋಡ್ರೇ! ಇದನ್ನ ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ ಕಣ್ರೇ!"

ಮೇಡಂ ಎದ್ದು ನಿಂತಿದ್ದರು. ಪುಟ್ಟ ಹುಡುಗಿಯಂತೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದರು. ನಾನೂ ಎದ್ದು ನಿಂತೆ. ಆ ಗಳಿಗೆಯನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಹಕ್ಕಿ ಹೊಡೆದ ಕ್ಷಣವೇ ನಾವು ಓಡಬೇಕಿತ್ತು. ಏನಾಗುತ್ತದೆ ಎಂದು ಮೇಡಂಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಹಕ್ಕಿ ಇನ್ನೊಂದು ಸಲ ಹೊಡೆಯಬಹುದು, ಅದನ್ನೂ ನೋಡಿಬಿಡೋಣ ಎಂದು ನಾವಿಬ್ಬರೂ ನಿಂತೆವು. ಹುಳ-ಹಕ್ಕಿಗಳನ್ನು ಅಷ್ಟಾಗಿ ಪ್ರೀತಿಸದಿದ್ದವಳು ಗೆಳತಿ ಒಬ್ಬಳೇ. ಅವಳೇ ಮೊದಲು ಹೆದರಿದಳು.

"ಮೇಡಂ, ಹೋಗಣ ಮೇಡಂ…"

ಬಂಡೆಯ ಮೇಲಿದ್ದ ಕಪ್ಪು ಈಗ ಗಾಳಿಯಲ್ಲಿತ್ತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಮೊದಲ ಹುಳ ಚುಚ್ಚಿತು, ಮೇಡಂ ಹಣೆಗೆ ಕೈ ಬಡಿದುಕೊಂಡರು. ಮರುಕ್ಷಣವೇ ಆ ವಾಸನೆ… ಬಿಸಿಲಿಗೆ ಕಾದ ಬಂಡೆಯ ಮೇಲೆ, ಎಲ್ಲೂ ಒಂದು ಬಾಳೆಗಿಡವಿಲ್ಲದ ಕಡೆ, ಕಳಿತ ಬಾಳೆಹಣ್ಣು.

"ಓಡ್ರೇ!"

ಓಡಿದೆವು. ಗೆಳತಿ ಎಡವಿ ಬಿದ್ದಳು. ಮೇಡಂ ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಎರಡು ಬಂಡೆಗಳ ನಡುವಿನ ಸಂದಿಗೆ ತಳ್ಳಿದರು. ಕಪ್ಪಾದರೂ ಬೇರೆ ಬಟ್ಟೆ ಇರಲಿಲ್ಲ; ಚೀಲದಿಂದ ಬುರ್ಖಾ ಎಳೆದು ನಮ್ಮ ಮೇಲೆ ಹೊದಿಸಿ, ಅಂಚುಗಳನ್ನು ನಮ್ಮ ಕಾಲಡಿಗೆ ಸೇರಿಸಿದರು. ಅಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ. ಸಂದಿಯ ಬಾಯಿಗೆ ಬೆನ್ನು ಕೊಟ್ಟು ಹೊರಗೇ ಕೂತುಬಿಟ್ಟರು.

ಒಳಗೆ ಕತ್ತಲೆ. ಬಟ್ಟೆಯ ಹೊರಮೈಗೆ ಹುಳಗಳು ಪಟಪಟ ಮಳೆಯಂತೆ ಬಂದು ಬಡಿಯುತ್ತಿದ್ದವು. ಮೇಡಂ ಮಾತಾಡುತ್ತಿದ್ದರು. "ಅಳಬೇಡ್ರೇ. ಜೋರಾಗಿ ಉಸಿರು ಬಿಡಬೇಡಿ, ಉಸಿರಿಗೆ ಬರ್ತವೆ. ಸಣ್ಣಗೆ ಬಿಡಿ… ಸಣ್ಣಗೆ, ಅಮ್ಮಾ…" ಆಮೇಲೆ ಕನ್ನಡ ನಿಂತಿತು. ಅಲ್ಲಾಹನನ್ನು ಕರೆದರು. ತಮ್ಮ ಅಮ್ಮನನ್ನು ಕರೆದರು. ಆಮೇಲೆ ಅದೂ ನಿಂತಿತು.

ಆ ಮೌನವೇ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಕೈ ಚಾಚಿದರೆ ಅವರ ಬೆನ್ನು ಸಿಗುತ್ತಿತ್ತು. ಬಟ್ಟೆಯ ಅಂಚು ಎತ್ತಿದರೆ ಹುಳ ಒಳಗೆ ಬರುತ್ತದೆ. ಗೆಳತಿ ನನ್ನ ಕುತ್ತಿಗೆಗೆ ಮುಖ ಒತ್ತಿ ನಡುಗುತ್ತಿದ್ದಳು. ಮೇಡಂ ಬದುಕಿದ್ದಾರೋ ಇಲ್ಲವೋ ತಿಳಿಯದೆ, ಕೂಗಲು ಬಾಯಿ ತೆರೆಯಲಾರದೆ, ಸಣ್ಣಗೆ ಉಸಿರಾಡುತ್ತಾ…

ಕೆಳಗೆ ಕುರಿ ಮೇಯಿಸುತ್ತಿದ್ದ ಒಬ್ಬ ತಾತ ಕಂಬಳಿ ಹೊದ್ದು, ಹಸಿಸೊಪ್ಪಿಗೆ ಬೆಂಕಿ ಹಚ್ಚಿ ಹೊಗೆ ಹಿಡಿದುಕೊಂಡು ಹತ್ತಿಬಂದರು. ಮೇಡಂ ಅವರನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದ್ದು, ಟೊಮೇಟೊ ಸಾಗಿಸುವ ಲಗೇಜ್ ಆಟೊದಲ್ಲಿ ಮಲಗಿಸಿ ಆಸ್ಪತ್ರೆಗೆ ತಂದಿದ್ದು ತುಂಡುತುಂಡಾಗಿ ನೆನಪಿದೆ. ನನಗೆ ಕೈಗೊಂದಿಷ್ಟು ಚುಚ್ಚಿದ್ದವು, ಅಷ್ಟೇ.

ಸಂಜೆ ಅಪ್ಪ ಬಂದರು. ವಾರ್ಡಿನ ಮಂಚದ ಮೇಲಿದ್ದ ಮುಖ ಮೇಡಂದು ಎಂದು ನಾನೇ ತೋರಿಸಬೇಕಾಯಿತು. ಕಣ್ಣುಗಳು ಊತದಲ್ಲಿ ಮುಚ್ಚಿಹೋಗಿದ್ದವು. ನರ್ಸ್ ಇನ್ನೂ ಅವರ ಬೆನ್ನಿನಿಂದ ಮುಳ್ಳು ಕೆರೆದು ತೆಗೆಯುತ್ತಿದ್ದರು. ಅಪ್ಪ ಕೈಮುಗಿದು, "ನನ್ನ ಮಗಳನ್ನ ಉಳಿಸಿಕೊಟ್ರಿ ಮೇಡಂ" ಅಂದರು.

ಮೇಡಂ ದನಿಯ ದಿಕ್ಕಿಗೆ ಮುಖ ತಿರುಗಿಸಿದರು. ತುಟಿಗಳು ಸರಿಯಾಗಿ ಆಡುತ್ತಿರಲಿಲ್ಲ.

"ಬಿಕಾಂಗೇ ಸೇರ್ಸಿ ಸಾರ್. ನಾನು ಸುಮ್ನೆ ಏನೇನೋ ತುಂಬಿಬಿಟ್ಟೆ ಅವಳ ತಲೇಲಿ."

ನಾನು ಅಲ್ಲೇ ನಿಂತಿದ್ದೆ. ಅವರಿಗೆ ಕಾಣುತ್ತಿರಲಿಲ್ಲ. ಬೆಟ್ಟದ ಮೇಲೆ ಆಗದಷ್ಟು ಭಯ ನನಗೆ ಆ ಮಾತಿನಿಂದ ಆಯಿತು.

ಮನೆಗೆ ಹೋಗುವಾಗ ಅಪ್ಪ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿದರು. "ನೋಡಮ್ಮ, ಇನ್ಮೇಲೆ ನಾನು ಏನೂ ಹೇಳಲ್ಲ. ಅವ್ರು ಓದಿದ್ದನ್ನೇ ನೀನೂ ಓದ್ತೀನಿ ಅಂದ್ರೆ ಓದು. ಅಂಥೋರು ಓದಿದ್ದು ಕೆಟ್ಟದ್ದಿರಲ್ಲ." ಅಪ್ಪನ ಬಾಯಲ್ಲಿ ಆ ಮಾತು ಕೇಳಲು ನಾನು ಎಷ್ಟು ದಿನದಿಂದ ಕಾದಿದ್ದೆ! ಆದರೆ ನನ್ನ ಬಾಯಿಂದ ಬಂದಿದ್ದು, "ಬಿಕಾಂ ಅಪ್ಪ." ಸೋಮವಾರ ಊದಿದ ಕೈಯಲ್ಲೇ ಸಹಿ ಹಾಕಿ ಸೇರಿದೆ. ಯಾರೂ ಬಲವಂತ ಮಾಡಲಿಲ್ಲ.

ಆ ಜೂನ್‌ನಲ್ಲಿ ಮೇಡಂ ಕಾಲೇಜಿಗೆ ಬರಲಿಲ್ಲ. ಕರೆಯಲಿಲ್ಲವೋ, ಅವರೇ ಒಲ್ಲೆ ಅಂದರೋ ತಿಳಿಯದು. ಚಿಂತಾಮಣಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾರೆ ಎಂದು ಗೆಳತಿ ಹೇಳಿದಳು. ಅವಳು ಹೋಗಿ ನೋಡಿಬಂದಳು, ನಾನು ಬಿಕಾಂ ಸೇರಿದ್ದನ್ನು ಮಾತ್ರ ಹೇಳಲು ಅವಳಿಗೆ ಬಾಯಿ ಬರಲಿಲ್ಲವಂತೆ. ನಾನು ನಾಳೆ, ಮುಂದಿನ ವಾರ ಎನ್ನುತ್ತಾ ಉಳಿದೆ. ಆ ಮುಖವನ್ನು ಮತ್ತೆ ನೋಡಲು ಹೆದರಿಕೆ. ಹೋದ ವರ್ಷ ಕಾಯಿಲೆಯಾಗಿ ಮೇಡಂ ತೀರಿಹೋದ ಸುದ್ದಿಯೂ ನನಗೆ ತಡವಾಗಿ ತಲುಪಿತು.

ಬಾಳೆಹಣ್ಣಿನ ಆ ಸೋಮವಾರದ ನಂತರ ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಚಿಂತಾಮಣಿಗೆ ಹೋಗಿ, ಗೆಳತಿ ಹೇಳಿದ ಗುರುತು ಹಿಡಿದು ಮೇಡಂ ಮನೆ ಹುಡುಕಿದೆ. ಅವರ ತಾಯಿ ಬಾಗಿಲು ತೆಗೆದರು. ಬೆಟ್ಟದ ವಿಷಯ ಹೇಳುತ್ತಿದ್ದಂತೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು.

"ನೀನೇನಾ ಬೇಟಾ, ಎದ್ದೇಳ್ದೆ ಕೂತಿದ್ದ ಹುಡುಗಿ? ಭಾಳ ಹೇಳ್ತಿದ್ಲು ನಿನ್ನ ಬಗ್ಗೆ. 'ನೋವಲ್ಲಿ ನಾನು ಬೇಡ ಅಂದ್ಬಿಟ್ಟೆ ಅಮ್ಮೀ, ಆದ್ರೆ ಅವಳು ನನ್ನ ಮಾತು ಕೇಳೋಳಲ್ಲ. ಎಲ್ಲೋ ಹುಳ ನೋಡ್ಕೊಂಡು ಕೂತಿರ್ತಾಳೆ' ಅಂತ ಹೇಳಿ ಹೇಳಿ ನಗೋಳು. ಅಲ್ಲೇ ಕೂತಿದೀಯಾ ಬೇಟಾ?"

ಸುಳ್ಳು ಹೇಳಬಹುದಿತ್ತು. ಗಂಟಲವರೆಗೆ ಬಂದಿತ್ತು.

"ಇಲ್ಲಮ್ಮ. ಆಡಿಟರ್ ಆಫೀಸಲ್ಲಿ ಕೂತಿದೀನಿ."

ಅವರು ನನ್ನ ಕೈ ಸವರಿದರು. "ಅಲ್ಲಿ ಕಚ್ಚೋವ್ರು ಇಲ್ವಾ?" ಅಂದರು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ಟೀ ಇಡುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೇಡಂ ನೋವಿನಲ್ಲಿ ಆಡಿದ ಮಾತನ್ನು ನಾನು ಭಯದಲ್ಲಿ ನಂಬಿದೆ. ನಾನು ನಂಬಲಿಲ್ಲ ಅಂದುಕೊಂಡೇ ಅವರು ಹೋದರು…

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಿಡ್ಲಘಟ್ಟ ದಾಟಿದ ಮೇಲೆ ದೂರದಲ್ಲಿ ಬಂಡೆಗಳು, ಬೆಟ್ಟಗಳು. ಪಕ್ಕದಲ್ಲಿದ್ದ ಅಜ್ಜಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ಕಿಟ್ಕಿ ಸ್ವಲ್ಪ ತೆಗಿಯಮ್ಮಾ, ಬೆಂದೋಗ್ತಾ ಇದೀವಿ" ಅಂದರು. ತೆಗೆಯಲು ಹಿಡಿಯ ಮೇಲೆ ಕೈ ಇಟ್ಟೆ. ಗಾಜಿನಾಚೆ ಆ ಬಂಡೆಗಳ ಮೇಲೆ ಎಲ್ಲಾದರೂ ಕಪ್ಪು ಕಾಣುತ್ತದೆಯೇ ಎಂದು ಕಣ್ಣು ಹುಡುಕುತ್ತಿತ್ತು. ಹೆದರಿ ಹುಡುಕುತ್ತಿದ್ದೆನೋ, ನೋಡುವ ಆಸೆಗೆ ಹುಡುಕುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕೇಳಲು ಈಗ ಮೇಡಂ ಇಲ್ಲ.

"ತೆಗಿಯಮ್ಮಾ" ಎಂದು ಅಜ್ಜಿ ಮತ್ತೆ ಅಂದರು.