ಅರಳಿ ಮರ ಎತ್ತಿದ ಮುನಿರಾಜ್

ಮುನಿರಾಜ್ ಮರ ಕಡಿಯುವವನು. ಹಾಗೆಂದರೆ ಅವನಿಗೆ ಕೋಪ ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಚಾಮರಾಜಪೇಟೆಯ ನಮ್ಮ ರಸ್ತೆಯವರು ಆ ಮಾತನ್ನು ಕಟುಕ ಅನ್ನುವ ಧಾಟಿಯಲ್ಲೇ ಹೇಳುತ್ತಿದ್ದರು. ತಮ್ಮದೇ ಹೆಂಚಿನ ಮೇಲೆ ಕೊಂಬೆ ವಾಲಿದಾಗ ಮಾತ್ರ "ಮುನಿರಾಜಣ್ಣ, ಸ್ವಲ್ಪ ಬಂದು ನೋಡಪ್ಪ" ಎಂದು ಬೆಣ್ಣೆಯಂಥ ಮಾತಾಡುತ್ತಿದ್ದರು. ನನ್ನದು ಅದೇ ರಸ್ತೆಯಲ್ಲಿ ಹಿಟ್ಟಿನ ಗಿರಣಿ. ಯಜಮಾನರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ರಾಗಿ ಬೀಸಿಸಲು ಬಂದವರು ಸರದಿ ಕಾಯುತ್ತ ಆಡುವ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಊರ ಬಾಯಿಗೆ ಮುಚ್ಚಳ ಇಲ್ಲ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವನ ತಾಯಿ ಸಪ್ಪಲಮ್ಮ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದ್ದ ಗಟ್ಟಿಗಿತ್ತಿ. ಮಗ ಮಂಡಿಯಲ್ಲಿ ಕೂರಲಿಲ್ಲ. ಹುಡುಗನಾಗಿದ್ದಾಗಲೇ ಹಗ್ಗ, ಕೊಡಲಿ ಹಿಡಿದು ಮರ ಹತ್ತಿದ. ಆಮೇಲೆ ಮೋಟಾರ್ ಗರಗಸ ಬಂತು. ಎರಡು ಸಾವಿರದ ಒಂದರ ಸುಮಾರಿಗೆ ರಸ್ತೆ ಕಂಟ್ರಾಕ್ಟರೊಬ್ಬನ ಹತ್ತಿರ ಒಂದು ಹಳೆಯ ಲೋಡರ್ ಕೊಂಡ. ಕುಳ್ಳ ಗಾಡಿ, ಮುಂದೆ ಬಕೆಟ್ಟು, ನಡುವೆ ಪಂಜರದೊಳಗೊಂದು ಸೀಟು. ನಮ್ಮ ಸಂದುಗೊಂದುಗಳಲ್ಲೂ ನುಗ್ಗಿ ಇದ್ದಲ್ಲೇ ತಿರುಗುತ್ತಿತ್ತು. ದಿಮ್ಮಿಗಳನ್ನು ಲಾರಿಗೆ ತುಂಬುವುದಕ್ಕೆ ಅದು ಸಾಕಾಗಿತ್ತು.

ಹೆಂಡತಿ ವಿನುತಾ ಮದುವೆಗೆ ಮೊದಲು ಸಂಪಿಗೆ ರಸ್ತೆಯ ಸೀರೆ ಅಂಗಡಿಯಲ್ಲಿದ್ದವಳು. ಮೆತ್ತಗಿನ ಮಾತು, ಅಷ್ಟೇ ಗಟ್ಟಿ ಹಟ. ಮೂರು ಸಲ ಬಸಿರಾದಳು, ಒಂದೂ ನಿಲ್ಲಲಿಲ್ಲ. ಮೂರನೆಯದು ಹೋದಾಗ ಸಪ್ಪಲಮ್ಮ ನನ್ನ ಗಿರಣಿಯ ಮುಂದೆಯೇ ಮಗನಿಗೆ ಹೇಳಿದಳು:

"ಮೂಕ ಮರದ ಶಾಪ ಕಣೋ ಇದು. ಕಾಯಿ ತುಂಬಿರೋ ಮರಾನೂ ಬಿಡದೆ ಕಡಿದಿದೀಯ. ಅದರ ಹೊಟ್ಟೆ ಉರೀದೆ ಇರತ್ತಾ?"

ನಾನು ಸಪ್ಪಲಮ್ಮನನ್ನು ಬೈದೆ. ಆದರೆ ಬಾಯಿಂದ ಹೊರಬಿದ್ದ ಮಾತನ್ನು ಯಾರು ವಾಪಸ್ಸು ತುಂಬುತ್ತಾರೆ? ಅದು ವಿನುತಾಳ ಎದೆಯಲ್ಲಿ ಕೂತುಬಿಟ್ಟಿತು. ಮಾರನೆಯ ದಿನದಿಂದಲೇ ಅವಳು ರಸ್ತೆ ಕೊನೆಯ ಅರಳಿ ಕಟ್ಟೆಗೆ ಪ್ರದಕ್ಷಿಣೆ ಹಾಕಲು ಶುರುಮಾಡಿದಳು. ಗಂಡ ಕಡಿದ ಮರಗಳ ಲೆಕ್ಕವನ್ನೆಲ್ಲ ಈ ಒಂದು ಮರದ ಹತ್ತಿರ ಇತ್ಯರ್ಥ ಮಾಡಿಕೊಳ್ಳುವವಳ ಹಾಗೆ ಸುತ್ತುತ್ತಿದ್ದಳು.

ನಾಲ್ಕನೆಯದು ನಿಂತಿತು. ಏಳು ತಿಂಗಳು ದಾಟಿತು. ಅಷ್ಟರಲ್ಲಿ ಬಿಪಿ ಏರಿ, ಕಾಲು ಊದಿ, ಡಾಕ್ಟರು ಆಸ್ಪತ್ರೆಯಲ್ಲೇ ಮಲಗಿರಬೇಕು ಎಂದರು. ಹೊರಡುವ ಬೆಳಿಗ್ಗೆ ಆಟೊ ನಿಲ್ಲಿಸಿ ಕಟ್ಟೆಗೆ ಕೈಮುಗಿದು, ನನ್ನ ಹತ್ತಿರ ಬಂದಳು.

"ಈ ಮರ ನಿಂತಿರೋ ತನಕ ನನ್ನ ಮಗೂನೂ ನಿಂತಿರತ್ತೆ, ಕಮಲಕ್ಕ. ಅತ್ತೆ ನನ್ನ ಬದ್ಲು ಸುತ್ತು ಹಾಕ್ತೀನಿ ಅಂದಿದಾರೆ. ನೀವು ದಿನಾ ಇಲ್ಲಿಂದ ಕುಂಕುಮ ತಂದ್ಕೊಡಿ."

"ಹುಚ್ಚುಹುಚ್ಚಾಗಿ ಮಾತಾಡ್ಬೇಡ, ಹೋಗು. ಔಷಧಿ ಸರ್‍ಯಾಗಿ ತಗೋ" ಎಂದೆ. ಅವಳು ನಕ್ಕಳು. ಆ ನಗುವಿನಲ್ಲಿ ಎಷ್ಟು ನಂಬಿಕೆಯಿತ್ತೆಂದರೆ ನನಗೆ ಭಯವಾಯಿತು.

ಅದು ಎರಡು ಸಾವಿರದ ಮೂರರ ಏಪ್ರಿಲ್. ಅವಳು ಹೋದ ವಾರದಲ್ಲೇ ಒಂದು ಸಂಜೆ ಆಲಿಕಲ್ಲು ಮಳೆ ಬಂತು. ಗಾಳಿ ಎಂದರೆ ಅಂಥಿಂಥ ಗಾಳಿಯಲ್ಲ. ನಾನು ಮೋಟಾರು ನಿಲ್ಲಿಸಿ ಶಟರ್ ಎಳೆಯುತ್ತಿದ್ದಾಗ ನೆಲ ಅದುರಿತು. ಹೊರಗೆ ಬಂದು ನೋಡಿದರೆ ಅರಳಿ ಮರ ರಸ್ತೆಗೆ ಅಡ್ಡ ಮಲಗಿತ್ತು. ಕಟ್ಟೆಯ ಒಂದು ಮಗ್ಗುಲು ಕಿತ್ತುಬಂದು ನಾಗರಕಲ್ಲುಗಳು ಕೆಸರಲ್ಲಿ ಬೋರಲು ಬಿದ್ದಿದ್ದವು. ಒಂದು ಕಡೆಯ ಬೇರು ಮಾತ್ರ ಇನ್ನೂ ಮಣ್ಣು ಹಿಡಿದುಕೊಂಡಿತ್ತು.

ಮುನಿರಾಜ್ ಓಡಿಬಂದ. ಬಿದ್ದ ಮರ ಅವನಿಗೆ ಹೊಸದಲ್ಲ, ಅದು ಅವನ ಅನ್ನ. ಆದರೆ ಅವತ್ತು ಅವನು ಮಳೆಯಲ್ಲಿ ಮಂಡಿಯೂರಿ ಆ ಬೇರನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆ ಕಟ್ಟೆಗೆ ತಾನೇ ಯಜಮಾನ ಎಂದುಕೊಂಡಿದ್ದ ಬದರೀನಾರಾಯಣರು ಕೊಡೆ ಹಿಡಿದು ಬಂದು, "ಘೋರ ಅಪಶಕುನ. ನಿಮ್ಮನೇಲಿ ಬೇರೆ ಗರ್ಭಿಣಿ ಇದಾಳೆ, ನೋಡ್ಕೊಳ್ಳಪ್ಪ" ಎಂದರು. ಗಾಯದ ಮೇಲೆ ಬರೆ ಎಳೆಯುವುದಕ್ಕೂ ಮುಹೂರ್ತ ನೋಡಿ ಬರುವ ಮನುಷ್ಯ.

"ಎತ್ತಿ ನಿಲ್ಲಿಸ್ತೀನಿ" ಎಂದ ಮುನಿರಾಜ್. "ಕಮಲಕ್ಕ, ವಿನುತಂಗೆ ಗೊತ್ತಾಗ್ಬಾರ್ದು. ಅವಳು ಬರೋಷ್ಟರಲ್ಲಿ ಇದು ನಿಂತಿರ್ಬೇಕು."

ಆಸ್ಪತ್ರೆಗೆ ದಿನಾ ಊಟ ಒಯ್ಯುತ್ತಿದ್ದವಳು ನಾನು. ಸುಳ್ಳು ಹೇಳುವ ಕೆಲಸವೂ ನನಗೇ ಬಂತು.

ಮೊದಲು ಮುನಿರಾಜ್ ಭಾರ ಇಳಿಯಲಿ ಎಂದು ರೆಂಬೆಗಳನ್ನೆಲ್ಲ ತಾನೇ ಸವರಿ ಹಾಕಿದ. ಕಾಂಡವೂ ದಪ್ಪ ಕೊಂಬೆಗಳೂ ಉಳಿದವು. ಬೇರು ಒಣಗದಂತೆ ಗೋಣಿಚೀಲ ಹೊದಿಸಿ, ನನ್ನ ಗಿರಣಿಯ ನಲ್ಲಿಯಿಂದ ನೀರು ಹೊತ್ತು ಸುರಿದ. ಆಮೇಲೆ ಲೋಡರಿನ ಬಕೆಟ್ಟನ್ನು ಕಾಂಡದಡಿಗೆ ತೂರಿಸಿ ಎತ್ತಿದ. ಮರ ಗೇಣಷ್ಟು ಎದ್ದಿತು. ಅಷ್ಟರಲ್ಲಿ ಲೋಡರಿನ ಹಿಂದಿನ ಗಾಲಿಗಳೇ ಮೇಲೆದ್ದವು, ಮರ ದೊಪ್ಪೆಂದು ವಾಪಸ್ಸು ಕೂತಿತು. ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು.

"ಕೆಳಗಿಂದ ನೂಕಿದ್ರೆ ಆಗಲ್ಲ. ಆ ಕಡೆಯಿಂದ ಎಳೀಬೇಕು. ಇದಕ್ಕೊಂದು ವಿಂಚ್ ಬೇಕು" ಎಂದ.

ವಿಂಚ್ ಎಂದರೇನು ಎಂದು ಕೇಳಿದ್ದಕ್ಕೆ ನನಗೆ ಬಾವಿಯ ಉದಾಹರಣೆ ಕೊಟ್ಟ. ಹಗ್ಗ ಸುತ್ತಿಕೊಳ್ಳುವ ಒಂದು ಕಬ್ಬಿಣದ ಉರುಳೆ. ಮೋಟಾರು ತಿರುಗಿಸಿದರೆ ಉಕ್ಕಿನ ಹಗ್ಗವನ್ನು ಇಂಚಿಂಚಾಗಿ ಎಳೆದುಕೊಳ್ಳುತ್ತದೆ, ನಿಲ್ಲಿಸಿದಲ್ಲಿ ಹಿಡಿದು ನಿಲ್ಲುತ್ತದೆ. ಮರ ಬೀಳಿಸುವುದಕ್ಕೆ ಅಂಥದ್ದೊಂದು ಬೇಕೆಂದು ಅವನಿಗೆ ವರ್ಷದಿಂದ ಆಸೆಯಿತ್ತಂತೆ. ಈಗ ಮರ ನಿಲ್ಲಿಸುವುದಕ್ಕೆ ಹುಡುಕಿಕೊಂಡು ಹೊರಟ.

ಕಲಾಸಿಪಾಳ್ಯದ ಗುಜರಿ ಅಂಗಡಿಯಲ್ಲಿ ಯಾವುದೋ ಹಳೆಯ ಜೀಪಿನ ಮೂತಿಗಿದ್ದ ವಿಂಚು ಸಿಕ್ಕಿತು. ಪಕ್ಕದಲ್ಲೇ ಶೆಡ್ಡು ಇಟ್ಟಿದ್ದ ಮೆಕ್ಯಾನಿಕ್ ನಂಜಪ್ಪನನ್ನು ಎಳೆದುಕೊಂಡೇ ಬಂದ. ಬಕೆಟ್ ಬಿಚ್ಚಿ, ಆ ಜಾಗಕ್ಕೆ ದಪ್ಪ ಕಬ್ಬಿಣದ ತಗಡು ಕೂರಿಸಿ, ಅದಕ್ಕೆ ವಿಂಚು ಬಿಗಿದರು. ಮೊದಲ ಎಳೆತಕ್ಕೇ ತಗಡು ಹಪ್ಪಳದಂತೆ ಮಡಚಿಕೊಂಡಿತು. ಅದನ್ನು ಕಿತ್ತು, ಇನ್ನೂ ದಪ್ಪದ್ದು ತಂದು, ಹಿಂದೆ ಆಂಗಲ್ ಪಟ್ಟಿಯ ಆಸರೆ ಕೊಟ್ಟು ಮತ್ತೆ ವೆಲ್ಡಿಂಗ್ ಮಾಡಿದರು. ಬ್ಯಾಟರಿ ಸಾಲಲಿಲ್ಲ, ಇನ್ನೊಂದು ಸೇರಿಸಿದರು. ಈಗ ವಿಂಚು ಎಳೆಯಿತು. ಆದರೆ ಮರ ಬರಲಿಲ್ಲ, ಲೋಡರೇ ಮರದ ಕಡೆಗೆ ಜಾರಿಕೊಂಡು ಹೋಯಿತು.

"ಮುನಿರಾಜಣ್ಣ, ಈ ಗಾಡಿಗೆ ಅಷ್ಟು ತೂಕ ಇಲ್ಲ. ಬಿಟ್ಬಿಡು" ಎಂದ ನಂಜಪ್ಪ.

"ಬಿಡು ಅಂತ ಹೇಳಕ್ಕಾ ನಿನ್ನ ಕರ್ಕೊಂಡ್ಬಂದಿದ್ದು?"

ಅವನ ಕಣ್ಣು ಕೆಂಪಾಗಿತ್ತು, ಮೂರು ದಿನದಿಂದ ಗಡ್ಡ ತೆಗೆದಿರಲಿಲ್ಲ. ಪಾಲಿಕೆಯವರು ರಸ್ತೆ ತೆರವು ಮಾಡಲೇಬೇಕು, ನಾಳೆ ತುಂಡು ಮಾಡಿ ಒಯ್ಯುತ್ತೇವೆ ಎಂದು ಹೇಳಿಹೋಗಿದ್ದರು. ಅವನು ಲೋಡರಿನ ಸೀಟಿನಲ್ಲಿ ತಲೆ ಹಿಡಿದು ಕೂತಿದ್ದನ್ನು ನೋಡಿ ನನಗೆ ಅಳು ಬಂತು. ಮರ ಎದ್ದರೆ ಮಗು ಉಳಿಯುತ್ತದೆ ಎಂದು ನಾನು ನಂಬಿದವಳಲ್ಲ. ಆದರೂ ಆ ಹೊತ್ತಿಗೆ ದೇವರೇ ಇದೊಂದು ಏಳಲಿ ಎಂದು ನಾನೂ ಬೇಡಿಕೊಂಡೆ.

ಸಪ್ಪಲಮ್ಮ ಮಾತ್ರ ಸುತ್ತು ಬಿಟ್ಟಿರಲಿಲ್ಲ. ಮರ ಮಲಗಿದ್ದಕ್ಕೆ ಸುತ್ತು ಉದ್ದವಾಗಿತ್ತು. ಬುಡದಿಂದ ತುದಿಯವರೆಗೆ ನಡೆದು, ಚರಂಡಿ ದಾಟಿ, ಕೆಸರು ತುಳಿದು ಮತ್ತೆ ಬುಡಕ್ಕೆ ಬರುತ್ತಿದ್ದಳು. ಶಾಪ ಎಂದ ಬಾಯಲ್ಲೇ "ತಪ್ಪಾಯ್ತು ತಾಯಿ, ತಪ್ಪಾಯ್ತು" ಎನ್ನುತ್ತಿದ್ದಳು. ಆ ದಿನ ಸುತ್ತು ಮುಗಿಸಿದವಳೇ ಮಗನ ಮುಂದೆ ನಿಂತಳು.

"ತೂಕ ತಾನೇ ಬೇಕಾಗಿರೋದು? ಬೆಳಿಗ್ಗೆ ಮಂಡಿಗೆ ಕುಂಬಳಕಾಯಿ ಲೋಡ್ ಬರತ್ತೆ. ಲಾರೀನ ಹಂಗೇ ಇಲ್ಲಿಗೆ ತರಿಸ್ತೀನಿ. ನಿನ್ ಗಾಡೀನ ಅದಕ್ಕೆ ಕಟ್ಕೋ."

ಬೆಳಿಗ್ಗೆ ಪಾಲಿಕೆಯವರು ಬರುವ ಮೊದಲೇ ಲಾರಿ ಬಂತು. ಮೇಲೆ ಕುಂಬಳಕಾಯಿಯ ಗುಡ್ಡ. ಲೋಡರಿನ ಬೆನ್ನಿಗೂ ಲಾರಿಗೂ ಸರಪಳಿ ಬಿಗಿದರು. ಉಕ್ಕಿನ ಹಗ್ಗ ಎತ್ತರದಲ್ಲಿ ಹಾಯಲೆಂದು ಎರಡು ದಿಮ್ಮಿಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ ನಿಲ್ಲಿಸಿದರು. ಮರದ ಮೈ ಉಜ್ಜದಂತೆ ಗೋಣಿ ಸುತ್ತಿ ಹಗ್ಗ ಹಾಕಿದರು. ನಂಜಪ್ಪ ಮತ್ತು ಇನ್ನು ನಾಲ್ಕು ಜನ ಬೇರು ಕಿತ್ತುಬಂದ ಗುಂಡಿಯ ಸುತ್ತ ಮಣ್ಣು, ಊರುಗೋಲು ಹಿಡಿದು ನಿಂತರು. ಮರ ಏಳುತ್ತಿದ್ದಂತೆ ಅಡಿಗೆ ತುಂಬುವುದು ಅವರ ಕೆಲಸ. ಮುನಿರಾಜ್ ಸೀಟಿನಲ್ಲಿ ಕೂತು ವಿಂಚಿನ ಸ್ವಿಚ್ಚು ಒತ್ತಿದ.

ಹಗ್ಗ ಬಿಗಿಯಿತು. ಸರಪಳಿ ಕಿರುಗುಟ್ಟಿತು. ಲೋಡರ್ ಈ ಸಲ ಕದಲಲಿಲ್ಲ. ಮರ ಕದಲಿತು.

ಅದು ಅರ್ಧಕ್ಕೆ ಎದ್ದಿದ್ದಾಗ ನನ್ನ ಗಿರಣಿಯ ಫೋನು ಬಡಿಯಿತು. ವಿನುತಾಳ ತಂಗಿ ಹರಿಣಾಕ್ಷಿ. ಆಸ್ಪತ್ರೆಯಲ್ಲಿ ಅಕ್ಕನ ಜೊತೆ ಇದ್ದವಳು.

"ಕಮಲಕ್ಕ, ಭಾವನ್ನ ಬೇಗ ಕಳಿಸಿ. ಮಗು ಹೊಟ್ಟೇಲೇ ಹೋಗ್ಬಿಟ್ಟಿದೆ ಅಂತಿದಾರೆ. ಅಕ್ಕಂಗೆ ಗೊತ್ತಾಗಿದೆ. ಅವಳು ಅಳ್ತಾನೂ ಇಲ್ಲ."

ನಾನು ಫೋನಿಟ್ಟು ಬಾಗಿಲಿಗೆ ಬಂದೆ. ಮರ ಓರೆಯಾಗಿ ಆಕಾಶದಲ್ಲಿ ತೂಗುತ್ತಿತ್ತು. ಗುಂಡಿಯಲ್ಲಿ ಐದು ಜನ ಬಗ್ಗಿದ್ದರು. ಮುನಿರಾಜ್‌ನ ಬೆರಳು ಸ್ವಿಚ್ಚಿನ ಮೇಲಿತ್ತು, ಕಣ್ಣು ಹಗ್ಗದ ಮೇಲಿತ್ತು. ಈಗ ಹೇಳಿದರೆ ಆ ಕೈ ಏನಾಗುತ್ತದೋ ಯಾರಿಗೆ ಗೊತ್ತು? ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಹೇಳಲಿಲ್ಲ. ಇವತ್ತು ಕೇಳಿದರೂ ಅದು ಸರಿ ಎಂದೇ ಹೇಳುತ್ತೇನೆ. ಆದರೆ ಆ ಮರ ಪೂರ್ತಿ ಏಳುವವರೆಗೆ ನಾನು ಪಟ್ಟ ಸಂಕಟ ಹಗೆಗೂ ಬೇಡ.

ಇಂಚಿಂಚಾಗಿ ಎದ್ದು ಮರ ನೆಟ್ಟಗಾಯಿತು. ಊರುಗೋಲು ಕೊಟ್ಟರು, ಮಣ್ಣು ತುಂಬಿದರು. ರಸ್ತೆಯವರೆಲ್ಲ ಚಪ್ಪಾಳೆ ತಟ್ಟಿದರು. ಕಿಸಕ್ಕೆಂದವರೂ ತಟ್ಟಿದರು. ಬದರೀನಾರಾಯಣರು ತೆಂಗಿನಕಾಯಿ ಒಡೆದರು. ಸಪ್ಪಲಮ್ಮ ರಸ್ತೆಯಲ್ಲೇ ಅಡ್ಡಬಿದ್ದಳು. ಮುನಿರಾಜ್ ಕೆಳಗಿಳಿದು, ಕೈಯೆಲ್ಲ ಗ್ರೀಸು, ನಗುತ್ತ ನನ್ನ ಕಡೆಗೆ ಬಂದ.

"ಕಮಲಕ್ಕ, ನಿಂತ್ಕೊಳ್ತು. ಇನ್ಮೇಲೆ ನೀವು ಸುಳ್ಳು ಹೇಳೋದು ಬೇಡ."

ಅವನ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಾನು ಹೇಳಿದೆ. ಅವನು ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ಆಮೇಲೆ ಆಟೊ ಹತ್ತಿದ. ಹಿಂದೆ ಇನ್ನೂ ಗಂಟೆ ಬಾರಿಸುತ್ತಿದ್ದರು.

ವಿನುತಾ ಮನೆಗೆ ಬಂದಾಗ ಮರ ಬೋಳಾಗಿ ನಿಂತಿತ್ತು. ಏನಾಯಿತು ಎಂದು ಅವಳು ಕೇಳಲಿಲ್ಲ, ಹೇಳುವವರಿಗೇನು ಬರವೇ. ಜೂನ್ ತಿಂಗಳಲ್ಲಿ ಕೊಂಬೆಗಳ ತುದಿಯಲ್ಲಿ ಕೆಂಪು ಚಿಗುರು ಒಡೆಯಿತು. ಸುದ್ದಿ ಹಬ್ಬಿತು. ಬಿದ್ದೆದ್ದ ಮರ, ಭಾರಿ ಸತ್ಯದ ಮರ ಎಂದು ಬಸವನಗುಡಿಯಿಂದೆಲ್ಲ ಹೆಂಗಸರು ಬಂದು ಸುತ್ತತೊಡಗಿದರು. ಕೊಂಬೆಗಳಿಗೆ ತೊಟ್ಟಿಲು ಕಟ್ಟಿದರು. ಸಣ್ಣ ಸಣ್ಣ ಮರದ ತೊಟ್ಟಿಲುಗಳು, ಗಾಳಿ ಬೀಸಿದರೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಸದ್ದು ಮುನಿರಾಜ್‌ನ ಮನೆಯೊಳಗೂ ಕೇಳುತ್ತಿತ್ತು. ವಿನುತಾಳ ಕಣ್ಣೆದುರಿಗೇ ಅದನ್ನೆಲ್ಲ ಕಟ್ಟುತ್ತಿದ್ದವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವರಿಗೇನು ಗೊತ್ತು ಪಾಪ, ಅವರೂ ಮಗು ಬೇಡಿ ಬಂದವರೇ.

ಒಂದು ಬೆಳಿಗ್ಗೆ ವಿನುತಾ ಬಾಗಿಲಲ್ಲಿ ನಿಂತು ಗಂಡನನ್ನು ಕೂಗಿದಳು. ಅವನು ಬಂದು ನಿಂತ.

"ರೀ, ಅದನ್ನ ಕಡಿದ್ಬಿಡಿ."

ಅವನು ಒಳಗೆ ಹೋಗಿ ಗರಗಸ ತಂದ. ತಡೆಯಬೇಕೆಂದು ನನಗೂ ಅನ್ನಿಸಲಿಲ್ಲ. ಕಟ್ಟೆಯ ಹತ್ತಿರ ಹೋದ. ಬಸುರಿ ಹುಡುಗಿಯೊಬ್ಬಳು ಒದ್ದೆ ಸೀರೆಯಲ್ಲಿ ಸುತ್ತು ಹಾಕುತ್ತಿದ್ದವಳು ಅವನನ್ನು ಕಂಡು ದಾರಿ ಬಿಟ್ಟು ಸರಿದಳು. ಅವನು ಅವಳನ್ನು ನೋಡಿದ, ಮರದ ಚಿಗುರು ನೋಡಿದ. ಗರಗಸ ಹಿಡಿದೇ ವಾಪಸ್ಸು ಬಂದ.

"ನನ್ ಕೈಲಿ ಆಗಲ್ಲ ವಿನುತಾ."

"ಎತ್ತೋಕಾಯ್ತು."

"ಹ್ಞೂಂ. ನಮ್ಮ ಮಗು ಉಳೀಲಿ ಅಂತ ಎತ್ತಿದೆ."

"ಮಗು ಉಳೀಲಿ ಅಂತ ನಾನು ಕೇಳ್ಕೊಂಡಿದ್ದು" ಎಂದಳು ವಿನುತಾ. "ಆ ಮರ ಉಳೀಲಿ ಅಂತ ನಾನು ಯಾವತ್ತಾದ್ರೂ ಕೇಳ್ಕೊಂಡಿದ್ನಾ?"

ಅವನು ಗರಗಸವನ್ನು ಮೆಟ್ಟಿಲ ಮೇಲಿಟ್ಟು ಅವಳ ಕಾಲ ಹತ್ತಿರ ಕೂತುಕೊಂಡ. ಅವಳು ಅವತ್ತು ಮೊದಲ ಸಲ ಜೋರಾಗಿ ಅತ್ತಳು. ಆ ತಿಂಗಳು ಮುಗಿಯುವ ಮೊದಲೇ ಅವರು ಮನೆ ಖಾಲಿ ಮಾಡಿದರು.